ಯಾರ ಕೈಕೆಳಗೆ ಯಾರು ಎಂದು ಕೇಳುವ ಮುನ್ನ

ಟಿಕೆಟ್ ತಂತ್ರಾಂಶ ನೋಡಿಕೊಳ್ಳುವ ತಂಡಕ್ಕೆ ಸೇರಿದ್ದೀಯ ಮಗೂ, ಒಳ್ಳೆಯದಾಯಿತು. ತಿಂಗಳು ತುಂಬುವುದರೊಳಗೆ ಯಾರಾದರೂ ಮ್ಯಾನೇಜರ್ ನಿನ್ನ ಮೇಜಿನ ಹತ್ತಿರ ಬಂದು, "ನನ್ನ ಕೈಕೆಳಗಿನವರ ಹತ್ತಿರ ಬಾಕಿ ಇರುವ ಟಿಕೆಟ್‌ಗಳೆಲ್ಲ ಒಂದೇ ಡ್ಯಾಶ್‌ಬೋರ್ಡಿನಲ್ಲಿ ಬರುವ ಹಾಗೆ ಮಾಡಿಕೊಡು" ಎನ್ನುತ್ತಾರೆ. ಕೇಳಿದರೆ ಐದು ನಿಮಿಷದ ಕೆಲಸ ಅನ್ನಿಸುತ್ತದೆ. ಮಾಡಲು ಕೂತಾಗ ಅದರ ಒಳಗಿರುವುದೆಲ್ಲ ಒಂದೊಂದಾಗಿ ಹೊರಗೆ ಬರುತ್ತದೆ. ಅದರ ಹಿಂದಿರುವ ಫಿಲ್ಟರನ್ನು, ಅಂದರೆ ಉಳಿಸಿಟ್ಟ ಹುಡುಕಾಟವನ್ನು, ಮುಂದಿಟ್ಟುಕೊಂಡು ಅಪ್ರೈಸಲ್ ಮಾತಾಡುವವರಿದ್ದಾರೆ, ತಂಡ ದೊಡ್ಡದಾಯಿತೋ ಚಿಕ್ಕದಾಯಿತೋ ಎಂದು ತೀರ್ಮಾನಿಸುವವರಿದ್ದಾರೆ. ಹಾಗಾಗಿ ನೀನು ಕೈಹಾಕುವ ಮೊದಲೇ ಕೆಲವು ಮಾತು ಹೇಳಿಬಿಡುತ್ತೇನೆ.

ಟಿಕೆಟ್ ತಂತ್ರಾಂಶವಾದ ಜಿರಾಗೆ ಯಾರ ಮೇಲೆ ಯಾರಿದ್ದಾರೆ ಎಂಬುದು ತಾನಾಗಿ ಗೊತ್ತಿರುವುದಿಲ್ಲ. ಸಿಡ್ನಿಯ ಅಟ್ಲಾಸಿಯನ್ ಕಂಪನಿ 2002ರಲ್ಲಿ ಅದನ್ನು ಹೊರತಂದದ್ದು ತಂತ್ರಾಂಶದ ದೋಷಗಳ ಲೆಕ್ಕ ಇಡುವುದಕ್ಕೆ. 2009ರಲ್ಲಿ ಅದರ ನಾಲ್ಕನೆಯ ಆವೃತ್ತಿಯ ಜೊತೆ ಜೆಕ್ಯೂಎಲ್ ಎಂಬ ಹುಡುಕು ಭಾಷೆ ಬಂತು. ಟಿಕೆಟ್ ಯಾರ ಹೆಸರಿನಲ್ಲಿದೆ, ಯಾರು ಹಾಕಿದ್ದು, ಯಾವ ಪ್ರಾಜೆಕ್ಟಿನದು, ಯಾವ ಹಂತದಲ್ಲಿದೆ, ಇದನ್ನೆಲ್ಲ ಆ ಭಾಷೆಯಲ್ಲಿ ಸಲೀಸಾಗಿ ಕೇಳಬಹುದು. 'ಇಂಥವರ ಮ್ಯಾನೇಜರ್' ಎಂದು ಕೇಳಲು ಆಗ ಅದರಲ್ಲಿ ದಾರಿ ಇರಲಿಲ್ಲ. ಹೆಚ್ಚಿನ ಆಫೀಸುಗಳಲ್ಲಿ ಇವತ್ತಿಗೂ ಆ ಮಾಹಿತಿಯನ್ನು ನಾವೇ ಹೊರಗಿನಿಂದ ತಂದು ಜೋಡಿಸಬೇಕು.

ಹೊರಗೆ ಅಂದರೆ ಎಲ್ಲಿ? ಮೂಲ ಇರುವುದು ಎಚ್‌ಆರ್‌ನವರ ತಂತ್ರಾಂಶದಲ್ಲಿ. ಅಲ್ಲಿಂದ ಅದು ನೌಕರರ ಅಕೌಂಟುಗಳನ್ನು ಇಡುವ ಆಕ್ಟಿವ್ ಡೈರೆಕ್ಟರಿಗೋ ಅಂಥದ್ದೇ ಇನ್ನೊಂದಕ್ಕೋ ಇಳಿಯುತ್ತದೆ. ಡೈರೆಕ್ಟರಿಯಲ್ಲಿ ಪ್ರತಿಯೊಬ್ಬರ ದಾಖಲೆಯಲ್ಲೂ ಮ್ಯಾನೇಜರ್ ಎಂಬ ಒಂದು ಅಂಕಣ ಇರುತ್ತದೆ. ಅದರಲ್ಲಿ ಒಂದೇ ಹೆಸರು ಹಿಡಿಯುತ್ತದೆ. 'ನೇರವಾಗಿ ರಿಪೋರ್ಟ್ ಮಾಡುವವರು' ಎಂಬ ಪಟ್ಟಿಯೂ ಕಾಣುತ್ತದೆ ನಿಜ, ಆದರೆ ಅದನ್ನು ಯಾರೂ ಕೂತು ತುಂಬಿಸಿದ್ದಲ್ಲ. ಮೊದಲಿನ ಅಂಕಣವನ್ನೇ ತಿರುಗಿಸಿ ಡೈರೆಕ್ಟರಿ ತಾನೇ ಕಟ್ಟಿಕೊಡುತ್ತದೆ. ಅಂದರೆ ಇಡೀ ಸಂಸ್ಥೆಯ ಮರ ಬರೆದಿಟ್ಟಿರುವುದು ಒಂದೇ ದಿಕ್ಕಿನಲ್ಲಿ: ಕೆಳಗಿನವರಿಗೆ ಮೇಲಿನವರು ಯಾರೆಂದು ಗೊತ್ತು, ಅಷ್ಟೆ. ಮೇಲೆ ಹತ್ತುವುದು ಸುಲಭ. ಕೆಳಗೆ ಇಳಿದು ಎಲ್ಲರನ್ನೂ ಸೇರಿಸಿಕೊಳ್ಳುವುದಕ್ಕೆ ಒಂದೊಂದೇ ಮೆಟ್ಟಿಲು ಮತ್ತೆ ಮತ್ತೆ ಕೇಳುತ್ತಾ ಹೋಗಬೇಕು.

ಇದನ್ನು ನೀನು ಈಗಾಗಲೇ ಕಲಿತಿದ್ದೀಯ. ಬೆಂಗಳೂರಿನಲ್ಲಿ ಆರಕಲ್ ಡೇಟಾಬೇಸ್ ಕಲಿಸುವ ಯಾವ ಇನ್‌ಸ್ಟಿಟ್ಯೂಟಿಗೆ ಹೋದರೂ ಮೊದಲು ಎದುರಾಗುತ್ತಿದ್ದದ್ದು ಎಂಪ್ ಎಂಬ ನೌಕರರ ಮಾದರಿ ಟೇಬಲ್ಲು. ಹದಿನಾಲ್ಕು ಜನ, ಪ್ರತಿಯೊಬ್ಬರ ಮುಂದೆ ಎಂಜಿಆರ್ ಎಂಬ ಅಂಕಣದಲ್ಲಿ ಮೇಲಿನವರ ನಂಬರು. 7839ನೇ ನಂಬರಿನ ಕಿಂಗ್‌ಗೆ ಮಾತ್ರ ಆ ಅಂಕಣ ಖಾಲಿ. ಕಿಂಗ್ ಕೆಳಗೆ ಜೋನ್ಸ್, ಬ್ಲೇಕ್, ಕ್ಲಾರ್ಕ್. ಬ್ಲೇಕ್ ಕೆಳಗೆ ಅಲೆನ್, ವಾರ್ಡ್, ಮಾರ್ಟಿನ್, ಟರ್ನರ್, ಜೇಮ್ಸ್. ಜೋನ್ಸ್ ಕೆಳಗೆ ಸ್ಕಾಟ್ ಮತ್ತು ಫೋರ್ಡ್. ಸ್ಕಾಟ್‌ಗೆ ಆಡಮ್ಸ್, ಫೋರ್ಡ್‌ಗೆ ಸ್ಮಿತ್. ಕ್ಲಾರ್ಕ್ ಕೆಳಗೆ ಮಿಲ್ಲರ್ ಒಬ್ಬ. ಪರೀಕ್ಷೆಗೆಂದು ಉರು ಹೊಡೆದ ಈ ಹದಿನಾಲ್ಕು ಸಾಲುಗಳಲ್ಲಿ ನಿನ್ನ ಮುಂದಿನ ಹತ್ತು ವರ್ಷದ ತಲೆನೋವುಗಳೆಲ್ಲ ಅಡಗಿವೆ. ಅದಕ್ಕೇ ಅದನ್ನೇ ಇಟ್ಟುಕೊಂಡು ಹೇಳುತ್ತೇನೆ.

ಬ್ಲೇಕ್ ತಂಡ ದೊಡ್ಡದೋ ಜೋನ್ಸ್ ತಂಡ ದೊಡ್ಡದೋ? ನೇರವಾಗಿ ರಿಪೋರ್ಟ್ ಮಾಡುವವರನ್ನಷ್ಟೇ ಎಣಿಸಿದರೆ ಐದಕ್ಕೆ ಎರಡು. ಕೆಳಗಿನವರನ್ನೆಲ್ಲ ಎಣಿಸಿದರೆ ಐದಕ್ಕೆ ನಾಲ್ಕು. ಕಿಂಗ್ ವಿಷಯದಲ್ಲಿ ಮೂರು ಎಲ್ಲಿ, ಹದಿಮೂರು ಎಲ್ಲಿ! "ನನ್ನ ಕೈಕೆಳಗಿನವರು" ಎಂದು ಮ್ಯಾನೇಜರ್ ಹೇಳಿದಾಗ ಯಾವ ಲೆಕ್ಕ ಅವರ ಮನಸ್ಸಿನಲ್ಲಿದೆ ಎಂದು ಬಾಯಿಬಿಟ್ಟು ಕೇಳು. ಅವರ ಹೆಸರಿನಲ್ಲೇ ಇರುವ ಟಿಕೆಟ್ಟುಗಳನ್ನೂ ಸೇರಿಸಬೇಕೋ ಬೇಡವೋ ಎಂಬುದನ್ನೂ ಕೇಳು. ಅದನ್ನು ಮರೆಯುವವರೇ ಹೆಚ್ಚು.

ಕೆಳಗಿನವರನ್ನು ಕೂಡಿಹಾಕುವ ವಿಧಾನಕ್ಕೆ ಹೆಚ್ಚು ಮಾತು ಬೇಡ. ಡೇಟಾಬೇಸಿನಲ್ಲಾದರೆ ಆರಕಲ್‌ನ 'ಕನೆಕ್ಟ್ ಬೈ' ಇದೆ. 1999ರ ಎಸ್‌ಕ್ಯೂಎಲ್ ಮಾನದಂಡದಿಂದೀಚೆಗೆ 'ವಿತ್ ರಿಕರ್ಸಿವ್' ಇದೆ. ಆಕ್ಟಿವ್ ಡೈರೆಕ್ಟರಿಯಲ್ಲಿ 1.2.840.113556.1.4.1941 ಎಂಬ ಸಂಖ್ಯೆಯ ಹುಡುಕು ನಿಯಮ ಸರಪಳಿ ಹಿಡಿದು ಕೊನೆಯವರೆಗೂ ಹೋಗುತ್ತದೆ. ದೊಡ್ಡ ಸಂಸ್ಥೆಯಲ್ಲಿ ಅದು ನಿಧಾನ, ಡ್ಯಾಶ್‌ಬೋರ್ಡ್ ತೆರೆದಾಗಲೆಲ್ಲ ಓಡಿಸುವ ಬಾಬತ್ತಲ್ಲ. ರಾತ್ರಿ ಹೊತ್ತು ಒಮ್ಮೆ ಸ್ಕ್ರಿಪ್ಟ್ ಓಡಿಸಿ, ಪ್ರತಿ ವಿಭಾಗಕ್ಕೂ ಜಿರಾದಲ್ಲಿ ಒಂದು ಗುಂಪು ಮಾಡಿ, ಆ ಗುಂಪಿಗೆ ಜನರನ್ನು ತುಂಬು. ಆಮೇಲೆ ಟಿಕೆಟ್ ಯಾರ ಹೆಸರಿನಲ್ಲಿದೆಯೋ ಅವರು ಆ ಗುಂಪಿನ ಸದಸ್ಯರೇ ಎಂದು 'ಮೆಂಬರ್ಸ್‌ಆಫ್' ಫಂಕ್ಷನ್‌ನಿಂದ ಕೇಳಿದರೆ ಮುಗಿಯಿತು. ಆಡ್‌-ಆನ್ ಹಾಕಿ ಸ್ವಂತ ಫಂಕ್ಷನ್ ಬರೆಯುವವರೂ ಇದ್ದಾರೆ. ನನಗೆ ಗುಂಪುಗಳ ದಾರಿಯೇ ಮೇಲು: ನೀನು ಕೆಲಸ ಬಿಟ್ಟು ಹೋದ ಮೇಲೂ ಬಂದವರು ಅದನ್ನು ತೆರೆದು ನೋಡಿ ಅರ್ಥ ಮಾಡಿಕೊಳ್ಳಬಲ್ಲರು.

ಮೂರು ಎಚ್ಚರಿಕೆ ಮಾತ್ರ ಇಟ್ಟುಕೊ. ಫಿಲ್ಟರಿನೊಳಗೆ ಜನರ ಹೆಸರನ್ನು ಕೈಯಲ್ಲಿ ಟೈಪ್ ಮಾಡಬೇಡ. ಮೊದಲ ವರ್ಗಾವಣೆಗೇ ಅದು ಹಳಸುತ್ತದೆ, ಹಳಸಿದ್ದು ಯಾರಿಗೂ ತಿಳಿಯುವುದಿಲ್ಲ. ಗುಂಪಿಗೂ ಮ್ಯಾನೇಜರ್ ಹೆಸರಿಡಬೇಡ. ಹೆಸರು ವಿಭಾಗದ್ದಿರಲಿ, ಇಲ್ಲವೇ ಹುದ್ದೆಯದ್ದಿರಲಿ. ಜನರನ್ನು ಹೊಂದಿಸುವಾಗ ನೌಕರರ ನಂಬರು ಹಿಡಿ. ಜಿರಾ ಕ್ಲೌಡ್‌ನಲ್ಲಿ 2019ರಿಂದ ಯೂಸರ್‌ನೇಮ್‌ಗಳೇ ಇಲ್ಲ, ಅಕೌಂಟ್ ಐಡಿ ಮಾತ್ರ. ಹೆಸರು ನೋಡಿ ಹೊಂದಿಸಲು ಹೊರಟರೆ ನಮ್ಮೂರ ಆಫೀಸುಗಳಲ್ಲಿ ಮಂಜುನಾಥರು ಎಷ್ಟು ಜನ ಎಂದು ನಿನಗೇ ಗೊತ್ತು.

ಖಾಲಿ ಅಂಕಣದ ವಿಷಯಕ್ಕೆ ಬರೋಣ. ಎಂಪ್ ಟೇಬಲ್ಲಿನಲ್ಲಿ ಖಾಲಿ ಅಂದರೆ ಕಿಂಗ್, ಎಲ್ಲರಿಗಿಂತ ಮೇಲಿನವನು. ನಿಜವಾದ ಡೈರೆಕ್ಟರಿಯಲ್ಲಿ ಖಾಲಿ ಅಂದರೆ ಗುತ್ತಿಗೆಯ ಹುಡುಗನೂ ಆಗಬಹುದು, ನಿನ್ನೆ ಸೇರಿದವಳೂ ಆಗಬಹುದು, ಸ್ಕ್ರಿಪ್ಟುಗಳು ಬಳಸುವ ಸರ್ವಿಸ್ ಅಕೌಂಟೂ ಆಗಬಹುದು. ಖಾಲಿ ಇರುವಲ್ಲಿಂದ ಮರ ಶುರು ಎಂದು ಬರೆದ ಪ್ರೋಗ್ರಾಮಿಗೆ ಇವರೆಲ್ಲರೂ ಅಧ್ಯಕ್ಷರೇ. ಸುತ್ತು ಬೀಳುವುದೂ ಉಂಟು. ಇಬ್ಬರು ಜಾಗ ಬದಲಾಯಿಸುವಾಗ ಒಬ್ಬರದು ತಿದ್ದಿ ಇನ್ನೊಬ್ಬರದು ತಿದ್ದದೆ ಉಳಿದರೆ, ಅವನಿಗೆ ಇವಳು ಮ್ಯಾನೇಜರ್, ಇವಳಿಗೆ ಅವನು ಮ್ಯಾನೇಜರ್. ಆರಕಲ್ ಆದರೆ 01436 ಎಂಬ ದೋಷ ತೋರಿಸಿ ನಿಂತುಬಿಡುತ್ತದೆ. ನೀನು ಬರೆದ ಸ್ಕ್ರಿಪ್ಟು ನಿಲ್ಲದೆ ರಾತ್ರಿಯಿಡೀ ಸುತ್ತುತ್ತಿರಬಹುದು. ಒಮ್ಮೆ ನೋಡಿದವರನ್ನು ಮತ್ತೆ ನೋಡದ ಹಾಗೆ ಬರೆ.

ಇದೆಲ್ಲ ಕೌಶಲದ ಮಾತಾಯಿತು. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು, ಈ ಮರದಲ್ಲಿ ಎಲ್ಲೂ ಸಿಗದ ಟಿಕೆಟ್ಟುಗಳು.

ಒಬ್ಬರು ರಾಜೀನಾಮೆ ಕೊಡುತ್ತಾರೆ, ನೋಟಿಸ್ ಪೀರಿಯಡ್ ಮುಗಿಯುತ್ತದೆ, ಕೊನೆಯ ದಿನ ಕೇಕ್ ಕತ್ತರಿಸಿ ಫೋಟೊ ತೆಗೆದುಕೊಂಡು ಕಳಿಸಿಕೊಡುತ್ತಾರೆ. ಅವತ್ತೇ ಸಂಜೆ ಅವರ ಅಕೌಂಟ್ ನಿಲ್ಲಿಸುತ್ತಾರೆ. ರಾತ್ರಿ ನಿನ್ನ ಸ್ಕ್ರಿಪ್ಟ್ ಓಡುತ್ತದೆ; ಅವರೀಗ ಯಾರ ಕೈಕೆಳಗೂ ಇಲ್ಲವಾದ್ದರಿಂದ ಎಲ್ಲ ಗುಂಪಿನಿಂದಲೂ ಹೊರಗೆ. ಆದರೆ ಅವರ ಹೆಸರಿನಲ್ಲಿದ್ದ ಟಿಕೆಟ್ಟುಗಳು ಹಾಗೇ ತೆರೆದೇ ಇವೆ. ಮಾರನೆಯ ಬೆಳಿಗ್ಗೆ ಮ್ಯಾನೇಜರ್ ಡ್ಯಾಶ್‌ಬೋರ್ಡ್ ತೆರೆದರೆ ಬಾಕಿ ಕಡಿಮೆಯಾಗಿದೆ! ಯಾರೂ ಒಂದು ಟಿಕೆಟ್ಟನ್ನೂ ಮುಗಿಸಿಲ್ಲ, ಸಂಖ್ಯೆ ಮಾತ್ರ ಇಳಿದಿದೆ. ಆ ಕಡೆ ಟಿಕೆಟ್ ಹಾಕಿದ ಗ್ರಾಹಕರು ಉತ್ತರಕ್ಕೆ ಕಾಯುತ್ತಲೇ ಇರುತ್ತಾರೆ.

ಯಾರ ಹೆಸರಿಗೂ ಹಾಕದ ಟಿಕೆಟ್ಟುಗಳ ಗತಿಯೂ ಇದೇ. ಜನರ ಮೂಲಕ ಹುಡುಕುವ ಫಿಲ್ಟರಿಗೆ ಜನರಿಲ್ಲದ ಟಿಕೆಟ್ ಕಾಣುವುದಿಲ್ಲ. ಆದ್ದರಿಂದ ತಂಡಗಳ ಫಿಲ್ಟರುಗಳ ಜೊತೆಗೆ, ಅವುಗಳಲ್ಲಿ ಯಾವುದಕ್ಕೂ ಸಿಗದವನ್ನು ಹಿಡಿಯುವ ಇನ್ನೊಂದು ಫಿಲ್ಟರ್ ಕಡ್ಡಾಯವಾಗಿ ಮಾಡು: ಈಗ ಕೆಲಸದಲ್ಲಿರುವವರ ಗುಂಪಿನಲ್ಲಿ ಇಲ್ಲದವರ ಹೆಸರಿನಲ್ಲಿ ತೆರೆದಿರುವ ಟಿಕೆಟ್ಟುಗಳು. ಇಲ್ಲೊಂದು ಗುಂಡಿ ಇದೆ, ನೋಡಿಕೊಂಡು ಹೆಜ್ಜೆ ಇಡು. ಜೆಕ್ಯೂಎಲ್‌ನಲ್ಲಿ 'ಇವರಲ್ಲಿ ಇಲ್ಲದವರು' ಎಂದು ಬರೆದರೆ ಹೆಸರೇ ಇಲ್ಲದವು ಅದರಲ್ಲಿ ಬರುವುದಿಲ್ಲ. 'ಅಥವಾ ಹೆಸರು ಖಾಲಿ ಇರುವವು' ಎಂದು ಬೇರೆಯಾಗಿ ಸೇರಿಸಲೇಬೇಕು. ಈ ಫಿಲ್ಟರ್ ವಾರಕ್ಕೊಮ್ಮೆ ಯಾರ ಕಣ್ಣಿಗೆ ಬೀಳಬೇಕು ಎಂಬುದನ್ನೂ ಗೊತ್ತು ಮಾಡಿಸು. ಕೆಲಸ ಬಿಟ್ಟವರ ಟಿಕೆಟ್ಟುಗಳ ಮಟ್ಟಿಗೆ ಉತ್ತರ ಮರದಲ್ಲೇ ಇದೆ: ಕೊನೆಯ ದಿನ ಅವರ ಮ್ಯಾನೇಜರ್ ಯಾರಿದ್ದರೋ ಅವರೇ ಹಂಚಬೇಕು. ಅಕೌಂಟ್ ನಿಲ್ಲಿಸುವ ಮೊದಲು ಆ ಒಂದು ಹೆಸರನ್ನು ತೆಗೆದು ಇಟ್ಟುಕೊಳ್ಳುವ ಏರ್ಪಾಡು ಮಾಡಿದರೆ ಸಾಕು. ಮ್ಯಾನೇಜರ್ ಅಂಕಣದಿಂದ ಆಗುವ ಇದಕ್ಕಿಂತ ಒಳ್ಳೆಯ ಉಪಯೋಗ ನನಗೆ ಗೊತ್ತಿಲ್ಲ.

ಇನ್ನು ಕಾಲದ ವಿಷಯ. ಗುಂಪಿಗೆ ಗೊತ್ತಿರುವುದು ಇವತ್ತು ಯಾರಿದ್ದಾರೆ ಎಂಬುದಷ್ಟೆ. ಎಂಪ್ ಟೇಬಲ್ಲಿನಲ್ಲಿ ಫೋರ್ಡ್‌ನನ್ನು ಜುಲೈ ಒಂದರಂದು ಜೋನ್ಸ್ ಕೈಕೆಳಗಿಂದ ಬ್ಲೇಕ್ ಕೈಕೆಳಗೆ ಹಾಕಿದರು ಅಂದುಕೊ. ಫೋರ್ಡ್ ಜೊತೆ ಸ್ಮಿತ್ ಕೂಡ ಹೋದ. ಜುಲೈ ಎರಡಕ್ಕೆ ಜೋನ್ಸ್ ಬಂದು "ಏಪ್ರಿಲ್‌ನಿಂದ ಜೂನ್‌ವರೆಗೆ ನನ್ನ ತಂಡ ಮುಗಿಸಿದ ಟಿಕೆಟ್ಟುಗಳು" ಎಂದು ಕೇಳಿದರೆ ಸ್ಕಾಟ್ ಮತ್ತು ಆಡಮ್ಸ್ ಮುಗಿಸಿದ್ದಷ್ಟೇ ಬರುತ್ತದೆ. ಫೋರ್ಡ್, ಸ್ಮಿತ್ ಮೂರು ತಿಂಗಳು ಜೋನ್ಸ್ ಹತ್ತಿರ ದುಡಿದದ್ದು ಬ್ಲೇಕ್ ಲೆಕ್ಕಕ್ಕೆ ಸೇರಿಹೋಗಿದೆ. ಯಾರೂ ಸುಳ್ಳು ಹೇಳಿಲ್ಲ, ಫಿಲ್ಟರಿನಲ್ಲಿ ತಪ್ಪಿಲ್ಲ. ಆದರೂ ಒಬ್ಬರಿಗೆ ಅನ್ಯಾಯವಾಯಿತು. ಇದೇ ಚಿತ್ರ ವರ್ಷದ ಅಪ್ರೈಸಲ್ ಸಭೆಯ ಗೋಡೆಯ ಮೇಲೆ ಬಿದ್ದಾಗ ಏನಾಗುತ್ತದೆ ಯೋಚಿಸು.

ಟಿಕೆಟ್ಟಿಗೆ ನೆನಪಿದೆ, ಯಾವ ದಿನ ಯಾರ ಹೆಸರಿನಲ್ಲಿತ್ತು, ಯಾವ ದಿನ ಯಾವ ಹಂತ ದಾಟಿತು ಎಂಬ ಚರಿತ್ರೆ ಅದರೊಳಗಿದೆ, ಜೆಕ್ಯೂಎಲ್‌ನ 'ವಾಸ್', 'ಚೇಂಜ್ಡ್' ಪದಗಳಿಂದ ಅದನ್ನು ಕೇಳಲೂಬಹುದು. ಗುಂಪಿಗೆ ಆ ನೆನಪು ಇಲ್ಲ. ಅದನ್ನು ನೀನೇ ಕೊಡಬೇಕು. ಪ್ರತಿ ತಿಂಗಳ ಕೊನೆಗೆ ಇಡೀ ಮರದ ಒಂದು ನಕಲನ್ನು ತಾರೀಖಿನ ಸಮೇತ ತೆಗೆದಿಡು, ಅಥವಾ ಟಿಕೆಟ್ ಮುಗಿಯುವ ಹೊತ್ತಿಗೆ ಆಗಿನ ವಿಭಾಗದ ಹೆಸರನ್ನು ಅದರ ಮೇಲೇ ಮೂಡಿಸುವ ಏರ್ಪಾಡು ಮಾಡು. ಎರಡನೆಯದು ನನಗೆ ಹೆಚ್ಚು ಇಷ್ಟ. ಬಾಕಿ ಇರುವ ಕೆಲಸ ತೋರಿಸುವ ಡ್ಯಾಶ್‌ಬೋರ್ಡಿಗೆ ಇವತ್ತಿನ ಮರ ಸಾಕು. ಮುಗಿದ ಕೆಲಸದ ಲೆಕ್ಕಕ್ಕೆ ಅವತ್ತಿನ ಮರವೇ ಬೇಕು. ಇವೆರಡನ್ನು ಒಂದೇ ಪುಟದಲ್ಲಿ ಬೆರೆಸಲು ಯಾರು ಒತ್ತಾಯಿಸಿದರೂ ಒಪ್ಪಬೇಡ.

ಕಾಲದಲ್ಲಿ ಹಿಂದಿನದಲ್ಲದೆ ಮುಂದಿನದೂ ಇದೆ. ಎಚ್‌ಆರ್‌ನವರು ಬರಲಿರುವ ಬದಲಾವಣೆಯನ್ನು ಮುಂದಿನ ತಾರೀಖು ಹಾಕಿ ಮೊದಲೇ ನಮೂದಿಸಿರುತ್ತಾರೆ. ತಾರೀಖು ನೋಡದೆ ಸ್ಕ್ರಿಪ್ಟ್ ಅದನ್ನು ಎಳೆದುಕೊಂಡರೆ, ತನ್ನ ಮ್ಯಾನೇಜರ್ ಬದಲಾದರು ಎಂಬುದನ್ನು ಯಾರೋ ಒಬ್ಬ ಹುಡುಗಿ ಒಂದು ಡ್ಯಾಶ್‌ಬೋರ್ಡಿನಿಂದ ತಿಳಿದುಕೊಳ್ಳುತ್ತಾಳೆ. ಕೂರಿಸಿಕೊಂಡು ಹೇಳಬೇಕಾದ ಮಾತು ಅದು. ಜಾರಿಗೆ ಬಂದದ್ದನ್ನು ಮಾತ್ರ ತೆಗೆದುಕೊ. ಯಾವ ಗುಂಪಿನಲ್ಲಿ ಯಾರಿದ್ದಾರೆ ಎಂಬುದನ್ನು ಆಫೀಸಿನಲ್ಲಿ ಎಲ್ಲರೂ ತೆರೆದು ನೋಡುವ ಹಾಗಿದೆಯೇ ಎಂಬುದನ್ನೂ ಒಮ್ಮೆ ಪರೀಕ್ಷಿಸು.

ನಮ್ಮ ಕಡೆಯ ಸರ್ವಿಸ್ ಕಂಪನಿಗಳಲ್ಲಿ ಇನ್ನೊಂದು ತೊಡಕಿದೆ. ಒಬ್ಬ ಹುಡುಗ ಬೆಂಗಳೂರಿನ ಹೊಸೂರು ರಸ್ತೆಯ ಕಂಪನಿಯ ನೌಕರ ಅಂದುಕೊ. ಅಲ್ಲಿನ ದಾಖಲೆಯಲ್ಲಿ ಅವನಿಗೊಬ್ಬ ರಿಪೋರ್ಟಿಂಗ್ ಮ್ಯಾನೇಜರ್. ದಿನಾ ಕೆಲಸ ಹೇಳುವವರು ಸಮುದ್ರದಾಚೆಯ ಕ್ಲೈಂಟ್ ಕಂಪನಿಯ ಲೀಡ್. ಟಿಕೆಟ್ ಇರುವುದು ಕ್ಲೈಂಟಿನ ಜಿರಾದಲ್ಲಿ, ಅಲ್ಲಿ ಅವನು ಹೊರಗಿನವನು. ರಜೆ ಕೊಡುವವರು ಒಬ್ಬರು, ಗಡುವು ಕೊಡುವವರು ಇನ್ನೊಬ್ಬರು. ಡೈರೆಕ್ಟರಿಯ ಅಂಕಣದಲ್ಲಿ ಹಿಡಿಯುವುದು ಒಂದೇ ಹೆಸರು ಎಂದೆನಲ್ಲ, ಇಲ್ಲಿ ಆ ಹೆಸರಿನಿಂದ ಹುಡುಕಿ ಉಪಯೋಗವಿಲ್ಲ. ಇಂಥ ಕಡೆ ಪ್ರಾಜೆಕ್ಟ್ ಅಥವಾ ಕಾಂಪೊನೆಂಟ್ ಹಿಡಿದು ಹುಡುಕುವುದೇ ಸರಿ. ಮ್ಯಾನೇಜರ್ ಅಂಕಣ ಹೇಳುವುದು ಆ ಮನುಷ್ಯನ ಹೊಣೆ ಯಾರ ಮೇಲಿದೆ ಎಂದು. ಅವನು ಮಾಡುತ್ತಿರುವ ಕೆಲಸದ ಹೊಣೆ ಬೇರೆಯವರದೂ ಆಗಿರಬಹುದು. ಯಾರಾದರೂ ಡ್ಯಾಶ್‌ಬೋರ್ಡ್ ಕೇಳಿದಾಗ ಇವೆರಡರಲ್ಲಿ ಅವರಿಗೆ ಬೇಕಾದದ್ದು ಯಾವುದು ಎಂದು ನೀನೇ ಬಿಡಿಸಿ ಕೇಳಬೇಕಾಗುತ್ತದೆ.

ಈ ಮರವನ್ನು ಯಾವುದಕ್ಕೆ ಬಳಸಬೇಕು ಎಂಬ ಪ್ರಶ್ನೆ ಹಳೆಯದು. ಸಂಸ್ಥೆಯ ಮರದ ಚಿತ್ರ ಬರೆದವರಲ್ಲಿ ಮೊದಲಿಗನೆಂದು ಹೆಸರಾದವನು ಡೇನಿಯಲ್ ಮ್ಯಾಕಲಮ್. 1855ರಲ್ಲಿ, ತಾನು ಅಧಿಕಾರಿಯಾಗಿದ್ದ ಅಮೆರಿಕದ ನ್ಯೂಯಾರ್ಕ್ ಮತ್ತು ಈರೀ ರೈಲು ಕಂಪನಿಗಾಗಿ. ಐವತ್ತು ಮೈಲಿಯ ರೈಲು ದಾರಿಯನ್ನು ಒಬ್ಬ ಅಧಿಕಾರಿ ಓಡಾಡಿಕೊಂಡು ನೋಡಬಹುದು, ಐನೂರು ಮೈಲಿಗೆ ಅದು ಸಾಲದು ಎಂಬುದು ಅವನ ವಾದ. ಆ ಚಿತ್ರದಲ್ಲಿ ನಿರ್ದೇಶಕರ ಮಂಡಳಿ ತುದಿಯಲ್ಲಿಲ್ಲ. ಬುಡದಲ್ಲಿದೆ, ಬೇರಿನ ಜಾಗದಲ್ಲಿ. ಕೊಂಬೆಗಳು ಮೇಲಕ್ಕೆ, ಹೊರಕ್ಕೆ ಹರಡಿಕೊಂಡಿವೆ. ದೂರದ ಕೊಂಬೆಯಲ್ಲಿ ರೈಲು ನಿಂತರೆ ಸುದ್ದಿ ಟೆಲಿಗ್ರಾಫಿನಲ್ಲಿ ಬುಡಕ್ಕೆ ಬೇಗ ಮುಟ್ಟಲಿ ಎಂಬುದು ಉದ್ದೇಶ. ಅಷ್ಟರಲ್ಲೇ ನಿಂತಿದ್ದರೆ ಚೆನ್ನಾಗಿತ್ತು. ಅದೇ ವರದಿಗಳಿಂದ ತಪ್ಪಿತಸ್ಥರು ಯಾರೆಂದು ತಟ್ಟನೆ ಎತ್ತಿ ತೋರಿಸಬೇಕು ಎಂಬುದೂ ಅವನ ಸೂತ್ರಗಳಲ್ಲಿ ಒಂದಾಗಿತ್ತು. ಅವನ ಕಟ್ಟುನಿಟ್ಟಿನ ವಿರುದ್ಧ ಎಂಜಿನ್ ಚಾಲಕರು ಮುಷ್ಕರ ಹೂಡಿದರು. 1857ರಲ್ಲಿ ಅವನು ಹುದ್ದೆ ಬಿಟ್ಟ.

ಇದಕ್ಕೆ ಎದುರಾಗಿ ಇನ್ನೊಂದು ಉದಾಹರಣೆಯನ್ನು ಇಡುತ್ತೇನೆ. 2008ರಲ್ಲಿ ನಾಚಿಯಪ್ಪನ್ ನಾಗಪ್ಪನ್, ಬ್ರೆಂಡನ್ ಮರ್ಫಿ, ವಿಕ್ಟರ್ ಬಸಿಲಿ ಎಂಬ ಮೂವರು ಸಂಶೋಧಕರು ವಿಂಡೋಸ್ ವಿಸ್ಟಾದ ದೋಷಗಳನ್ನೂ ಅದನ್ನು ಬರೆದ ತಂಡಗಳ ರಿಪೋರ್ಟಿಂಗ್ ಮರವನ್ನೂ ಒಟ್ಟಿಗೆ ಇಟ್ಟು ನೋಡಿದರು. ಒಂದು ಭಾಗಕ್ಕೆ ಎಷ್ಟು ಜನ ಕೈಹಾಕಿದ್ದಾರೆ, ಅವರಲ್ಲಿ ಎಷ್ಟು ಜನ ಕಂಪನಿ ಬಿಟ್ಟಿದ್ದಾರೆ, ಅದರ ಒಡೆತನ ಮರದ ಯಾವ ಮಟ್ಟದಲ್ಲಿದೆ, ಇಂಥವನ್ನು ಎಣಿಸಿದರು. ಯಾವ ಭಾಗ ಕೈಕೊಡುವ ಸಂಭವ ಹೆಚ್ಚು ಎಂದು ಮುಂಚಿತವಾಗಿ ಹೇಳುವುದರಲ್ಲಿ ಈ ಲೆಕ್ಕ ಕೋಡಿನ ಉದ್ದ, ಜಟಿಲತೆಯ ಲೆಕ್ಕಗಳಿಗಿಂತ ಮೇಲಾಯಿತು. ಕೈಕೊಡಬಹುದು ಎಂದು ಅದು ಗುರುತಿಸಿದ್ದು ನೂರಕ್ಕೆ ಸುಮಾರು 86ರಷ್ಟು ನಿಜವಾಯಿತು. ಅವರೂ ಬಳಸಿದ್ದು ಯಾರ ಕೈಕೆಳಗೆ ಯಾರು ಎಂಬ ಇದೇ ಮಾಹಿತಿಯನ್ನೇ. ಆದರೆ ಅವರು ಕೇಳಿದ್ದು ತಂತ್ರಾಂಶದ ಯಾವ ಭಾಗಕ್ಕೆ ಆಸರೆ ಬೇಕು ಎಂದು. ಯಾವ ಮನುಷ್ಯ ಕಡಿಮೆ ಟಿಕೆಟ್ ಮುಗಿಸಿದ ಎಂದು ಕೇಳಲಿಲ್ಲ.

ನಿನ್ನ ಮುಂದೆ ಆ ಎರಡನೆಯ ಪ್ರಶ್ನೆ ಬಂದೇ ಬರುತ್ತದೆ. ತಂಡದವರನ್ನು ಮುಗಿಸಿದ ಟಿಕೆಟ್ಟಿನ ಪ್ರಕಾರ ಸಾಲಾಗಿ ನಿಲ್ಲಿಸಿ ತೋರಿಸು ಎನ್ನುತ್ತಾರೆ. ಆಗ ವಾದಕ್ಕಿಳಿಯಬೇಡ, ಬೇರೆ ಮೂರು ಪಟ್ಟಿ ಮಾಡಿಕೊಂಡು ಹೋಗು: ಹದಿನೈದು ದಿನದಿಂದ ಅಲುಗಾಡದೆ ನಿಂತಿರುವ ಟಿಕೆಟ್ಟುಗಳು, ಒಬ್ಬರ ಮೇಲೇ ರಾಶಿ ಬಿದ್ದಿರುವ ಕಡೆಗಳು, ಮರದ ಎರಡು ಕೊಂಬೆಗಳ ನಡುವೆ ಅತ್ತಿಂದಿತ್ತ ಇತ್ತಿಂದತ್ತ ಓಡಾಡುತ್ತಿರುವವು. ಮೂರನೆಯದನ್ನು ನೋಡಿದರೆ ಒಳ್ಳೆಯ ಮ್ಯಾನೇಜರ್ ಕುರ್ಚಿಯಿಂದ ಎದ್ದು ಆ ಇನ್ನೊಂದು ಕೊಂಬೆಯವರ ಹತ್ತಿರ ಮಾತಾಡಲು ಹೋಗುತ್ತಾರೆ. ತನಗೆ ಮಾತ್ರ ಮಾಡಲು ಸಾಧ್ಯವಿರುವ ಕೆಲಸ ಅದು ಎಂದು ಅವರಿಗೆ ತಿಳಿಯುತ್ತದೆ. ಇಷ್ಟಾದ ಮೇಲೂ ಆ ಸಾಲೇ ಬೇಕು ಎನ್ನುವವರಿದ್ದರೆ, ಅದನ್ನು ಕೊಡುವುದೋ ಬೇಡವೋ ಎಂಬ ತೀರ್ಮಾನ ನಿನ್ನೊಬ್ಬಳದಾಗದಿರಲಿ. ಎಚ್‌ಆರ್‌ನವರ ಒಪ್ಪಿಗೆ ಬರಹದಲ್ಲಿ ಕೇಳು.

ಡ್ಯಾಶ್‌ಬೋರ್ಡ್ ಕೊಡುವ ದಿನ, ಮರ ಯಾವ ತಾರೀಖಿನದು, ನೇರ ರಿಪೋರ್ಟುಗಳಷ್ಟೆಯೋ ಇಡೀ ಕೊಂಬೆಯೋ, ಗುತ್ತಿಗೆಯವರು ಸೇರಿದ್ದಾರೋ ಇಲ್ಲವೋ, ಇವಿಷ್ಟನ್ನು ಅದರ ತಲೆಯ ಮೇಲೇ ಬರೆ. ಅದೇ ಕೊಂಡಿಯನ್ನು ಆ ತಂಡದವರೆಲ್ಲರಿಗೂ ಕಳಿಸು. ತಮ್ಮ ಬಗ್ಗೆ ಏನು ಕಾಣುತ್ತಿದೆ ಎಂಬುದು ಅವರಿಗೂ ಕಾಣಲಿ. ತಪ್ಪನ್ನು ಮೊದಲು ಹಿಡಿಯುವವರೂ ಅವರೇ. "ನಾನು ಹೋದ ತಿಂಗಳೇ ಆ ತಂಡ ಬಿಟ್ಟೆನಲ್ಲ ಅಕ್ಕಾ" ಎಂದು ಒಬ್ಬ ಬರುತ್ತಾನೆ. ಆಗ ಜಿರಾದ ಗುಂಪಿನಿಂದ ಅವನ ಹೆಸರನ್ನು ಕೈಯಾರೆ ತೆಗೆದು ಕಳಿಸಿಬಿಡಬೇಡ, ರಾತ್ರಿ ಸ್ಕ್ರಿಪ್ಟ್ ಓಡಿದಾಗ ಅದು ಮತ್ತೆ ಬಂದು ಕೂರುತ್ತದೆ. ಅವನನ್ನು ಜೊತೆಗೆ ಕರೆದುಕೊಂಡು ಎಚ್‌ಆರ್‌ನವರ ಹತ್ತಿರ ಹೋಗಿ ಮೂಲದಲ್ಲೇ ತಿದ್ದಿಸು. ಎಂದಿನಿಂದ ಬದಲಾಯಿತು ಎಂಬ ತಾರೀಖನ್ನೂ ಸರಿಯಾಗಿ ಹಾಕಿಸು.